ಯೂರಿಯಾ ಚೀಲದ ಹಿಂದಿರುವ ಕಬ್ಬಿಣದ ಕಣ

ಮೃಗಶಿರೆ ಮಳೆ ಹಿಡಿಯುವುದಕ್ಕೆ ಮುಂಚೆಯೇ ಸೊಸೈಟಿಯ ಬಾಗಿಲಿಗೆ ಹೋಗಿ, ಯೂರಿಯಾ ಬಂದಿದೆಯೇ ಎಂದು ವಿಚಾರಿಸುವುದು ನಮ್ಮ ವಯನಾಡಿನ ಕೃಷಿಕರಿಗೆ ವರ್ಷಂಪ್ರತಿಯ ಕೆಲಸವಾಗಿದೆ. ಬಂದಿದ್ದರೆ ಸಮಾಧಾನ, ಬಾರದಿದ್ದರೆ ನಂಜೆಯ ಗದ್ದೆಗೆ, ಶುಂಠಿಯ ಪಾತಿಗೆ, ಬಾಳೆಗೆ ಏನು ಹಾಕುವುದೆಂಬ ಚಿಂತೆ. 2025ರ ಮುಂಗಾರಿನಲ್ಲಿ ಗಡಿಯ ಆಚೆ ಕರ್ನಾಟಕದ ಹಲವು ಊರುಗಳಲ್ಲಿ ರೈತರು ಒಂದೊಂದು ಚೀಲಕ್ಕಾಗಿ ಬೆಳಗಿನಿಂದ ಸಾಲು ನಿಂತುದನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಹಡಗು ತಡವಾಯಿತು, ಅನಿಲದ ಬೆಲೆ ಏರಿತು, ಹಂಚಿಕೆ ಸರಿಯಾಗಲಿಲ್ಲ ಎಂಬ ಉತ್ತರಗಳು ಬರುತ್ತವೆ. ಅವೆಲ್ಲ ನಿಜವೇ. ಆದರೆ ಈ ಸರಪಣಿಯ ಬುಡದಲ್ಲಿ ಇನ್ನೊಂದು ಕೊಂಡಿ ಉಂಟು, ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಅದು ಕಾರ್ಖಾನೆಯ ದಪ್ಪ ಉಕ್ಕಿನ ಗೋಪುರದೊಳಗೆ ಕುಳಿತಿರುವ ಕಬ್ಬಿಣದ ಹುಡಿ. ಆ ಹುಡಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವುದಕ್ಕೆ ವಿಜ್ಞಾನಿಗಳು ಲೋಹವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿ ಮಾಡಿ ಪರೀಕ್ಷಿಸುತ್ತಿದ್ದಾರೆ. ಕೃಷಿಕನಿಗೆ ಇದರಲ್ಲಿ ಏನು ಸಂಬಂಧ ಎಂದು ಕೇಳುವವರು ಕೊನೆಯವರೆಗೆ ಓದಬೇಕಾಗಿ ವಿನಂತಿ.

ಮೊದಲು ಒಂದು ಸಣ್ಣ ಲೆಕ್ಕ. ಸಸ್ಯಗಳಿಗೆ ಬೇಕಾದ ಆಹಾರಗಳಲ್ಲಿ ಸಾರಜನಕವು ಮುಖ್ಯವಾದುದು. 45 ಕಿಲೊ ತೂಕದ ಯೂರಿಯಾ ಚೀಲದಲ್ಲಿ ಶೇಕಡ 46ರಂತೆ 20 ಕಿಲೊ 700 ಗ್ರಾಂ ಸಾರಜನಕ ಇರುತ್ತದೆ. ಉಳಿದುದು ಅದನ್ನು ಹೊತ್ತು ತರುವ ಭಾಗ. ಆದರೆ ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಆಗಿದೆ. ನಮ್ಮಂಥ ಎತ್ತರದ ನಾಡಿನಲ್ಲಿಯೂ ಒಂದು ಎಕರೆ ಗದ್ದೆಯ ಮೇಲೆ, ನೆಲದಿಂದ ಆಕಾಶದ ತುದಿಯವರೆಗೆ ನಿಂತ ಗಾಳಿಯಲ್ಲಿ 25 ಸಾವಿರ ಟನ್ನಿಗೂ ಮಿಕ್ಕಿದ ಸಾರಜನಕ ಉಂಟು. ತಲೆಯ ಮೇಲೆ ಇಷ್ಟೊಂದು ಭಂಡಾರವಿರುವಾಗ 20 ಕಿಲೊಗಾಗಿ ಸಾಲು ನಿಲ್ಲಬೇಕಾಗಿ ಬಂದುದು ವಿಚಿತ್ರವಲ್ಲವೇ?

ವಿಚಿತ್ರವಾದರೂ ಕಾರಣವಿಲ್ಲದೆ ಇಲ್ಲ. ಗಾಳಿಯಲ್ಲಿ ಸಾರಜನಕದ ಪರಮಾಣುಗಳು ಒಂಟಿಯಾಗಿರುವುದಿಲ್ಲ, ಎರಡೆರಡು ಜೊತೆಯಾಗಿರುತ್ತವೆ. ಅವು ಒಂದನ್ನೊಂದು ಒಂದು ಕೈಯಿಂದಲ್ಲ, ಮೂರು ಕೈಗಳಿಂದ ಹಿಡಿದುಕೊಂಡಿವೆ ಎನ್ನಬಹುದು. ಆ ಹಿಡಿತ ಬಿಡದೆ ಸಾರಜನಕವು ಬೇರೆ ಯಾವುದರೊಂದಿಗೂ ಕೂಡದು. ಕೂಡದೆ ಗಿಡಕ್ಕೆ ಆಹಾರವಾಗದು. ಬರೇ ಕಾವು ಕೊಟ್ಟು ಬಿಡಿಸೋಣವೆಂದರೆ ಅಷ್ಟು ಕಾವಿನಲ್ಲಿ, ಹುಟ್ಟಬೇಕಾದ ಅಮೋನಿಯಾ ತಾನೂ ಉಳಿಯದೆ ಒಡೆದುಹೋಗುತ್ತದೆ. ನಡುವೆ ಒಂದು ದೊಡ್ಡ ಘಟ್ಟ ಅಡ್ಡ ನಿಂತಿದೆ ಎಂದು ತಿಳಿಯಿರಿ.

ಘಟ್ಟವೆಂದಾಗ ನಮ್ಮವರಿಗೆ ತಾಮರಶ್ಶೇರಿ ಚುರದ ನೆನಪಾಗದೆ ಇರದು. ಆ ಘಟ್ಟ ಹತ್ತುವ ದಾರಿಯನ್ನು ಬ್ರಿಟಿಷರಿಗೆ ತೋರಿಸಿದವನು ಕರಿಂತಂಡನೆಂಬ ಪಣಿಯ ಜನಾಂಗದ ಆದಿವಾಸಿ ಎಂದೂ, ದಾರಿ ಕಂಡುಕೊಂಡ ಮೇಲೆ ಅವನನ್ನು ಕೊಂದುಹಾಕಿದರೆಂದೂ ಐತಿಹ್ಯ. ಲಕ್ಕಿಡಿಯ ಸರಪಳಿ ಮರವನ್ನು ಹೋಗುವವರೆಲ್ಲ ಇಂದಿಗೂ ನೋಡಿ ಹೋಗುತ್ತಾರೆ. ದಾರಿ ತೋರಿಸಿದವನಿಗೆ ಸಿಕ್ಕಿದ ಪ್ರತಿಫಲದ ಮಾತು ಇಲ್ಲಿ ಬೇಡ. ಆದರೆ ಗುಡ್ಡ ಎಷ್ಟು ಎತ್ತರವೋ ಅಷ್ಟೇ ಇದ್ದಿತು, ಆಚೆಯ ಊರೂ ಇದ್ದಲ್ಲೇ ಇದ್ದಿತು. ತಗ್ಗಿನ ದಾರಿಯೊಂದು ಸಿಕ್ಕಿದ್ದರಿಂದ ಗಾಡಿಗಳು ಓಡಾಡುವಂತಾಯಿತು. ರಾಸಾಯನಿಕ ಕ್ರಿಯೆಯಲ್ಲಿ ಇಂಥ ತಗ್ಗಿನ ದಾರಿಯನ್ನು ತೋರಿಸಿ, ತಾನು ಖರ್ಚಾಗದೆ ಉಳಿದು, ಮುಂದೆ ಬಂದವರಿಗೂ ದಾರಿ ತೋರಿಸುತ್ತ ನಿಲ್ಲುವ ವಸ್ತುವಿಗೆ ವೇಗವರ್ಧಕವೆಂದು ಹೆಸರು.

ಇದನ್ನು ಶಾಲೆಯ ಮಕ್ಕಳಿಗೆ ತೋರಿಸುವುದು ಬಹಳ ಸುಲಭ. ಗಾಯ ತೊಳೆಯಲು ಔಷಧದ ಅಂಗಡಿಯಲ್ಲಿ ಸಿಗುವ ಹೈಡ್ರೊಜನ್ ಪೆರಾಕ್ಸೈಡನ್ನು ಎರಡು ಗಾಜಿನ ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿ. ಸುಮ್ಮನಿಟ್ಟರೆ ಏನೂ ಆದಂತೆ ಕಾಣದು. ಒಂದು ಲೋಟಕ್ಕೆ ಹಸಿ ಆಲೂಗಡ್ಡೆಯ ಒಂದು ತುಂಡು ಹಾಕಿದರೆ ಅದರ ಮೈಮೇಲೆ ಗುಳ್ಳೆಗಳೇಳುತ್ತವೆ. ಇನ್ನೊಂದಕ್ಕೆ ಅಷ್ಟೇ ತೂಕದ ಆಲೂಗಡ್ಡೆಯನ್ನು ಜಜ್ಜಿ ಹಾಕಿದರೆ ನೊರೆ ಉಕ್ಕಿ ಲೋಟದ ಹೊರಗೆ ಬರುತ್ತದೆ. ಆಲೂಗಡ್ಡೆಯೊಳಗೆ ಕಬ್ಬಿಣದ ಅಂಶವಿರುವ ಒಂದು ವೇಗವರ್ಧಕ ಉಂಟು. ಜಜ್ಜಿದಾಗ ಅದರ ಹೆಚ್ಚಿನ ಪಾಲು ನೀರಿಗೆ ತೆರೆದುಕೊಂಡಿತು. ತೂಕವಲ್ಲ, ತೆರೆದ ಮೈಯೇ ಮುಖ್ಯ ಎಂಬ ಈ ಮಾತನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಕಟ್ಟಿಗೆಯಿಂದ ಗೊಬ್ಬರ

1909ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಎಂಬಲ್ಲಿ ಫ್ರಿಟ್ಸ್ ಹೇಬರ್ ಎಂಬ ವಿಜ್ಞಾನಿ ಸಾರಜನಕ ಮತ್ತು ಜಲಜನಕಗಳನ್ನು ಹೆಚ್ಚು ಒತ್ತಡದಲ್ಲಿ ಕಾಯಿಸಿ, ಆಸ್ಮಿಯಂ ಎಂಬ ಲೋಹದ ಮೇಲೆ ಹಾಯಿಸಿ ಅಮೋನಿಯಾ ತೊಟ್ಟಿಕ್ಕುವುದನ್ನು ತೋರಿಸಿದನು. ಆದರೆ ಆಸ್ಮಿಯಂ ಲೋಕದಲ್ಲೇ ಅಪರೂಪದ ಲೋಹ. ಕಾರ್ಖಾನೆಗೆ ಬೇಕಾದಷ್ಟು ಸಿಕ್ಕದು. ಅಗ್ಗದ ವಸ್ತುವನ್ನು ಹುಡುಕುವ ಕೆಲಸ ಆಲ್ವಿನ್ ಮಿಟಾಶ್ ಎಂಬವನ ಪಾಲಿಗೆ ಬಂತು. ಅವನೂ ಅವನ ಸಹಾಯಕರೂ ಎರಡೂವರೆ ಸಾವಿರದಷ್ಟು ವಸ್ತುಗಳನ್ನು ತೆಗೆದುಕೊಂಡು ಆರು ಸಾವಿರಕ್ಕೂ ಮಿಕ್ಕಿ ಪರೀಕ್ಷೆಗಳನ್ನು ನಡೆಸಿದರು. ಕೊನೆಗೆ ಚೆನ್ನಾಗಿ ಕೆಲಸ ಮಾಡಿದ್ದು ಸ್ವೀಡನ್ ದೇಶದ ಒಂದು ಕಬ್ಬಿಣದ ಅದಿರು. ಶುದ್ಧ ಕಬ್ಬಿಣಕ್ಕಿಂತ ಆ ಅದಿರು ಮೇಲಾದುದೇಕೆಂದು ನೋಡಿದರೆ, ಅದರಲ್ಲಿದ್ದ ಕಲ್ಮಷವೇ ಕಾರಣವಾಗಿತ್ತು! ಸ್ವಲ್ಪ ಅಲ್ಯುಮಿನಾ, ಸ್ವಲ್ಪ ಪೊಟ್ಯಾಶ್, ಸ್ವಲ್ಪ ಸುಣ್ಣ ಬೆರೆತ ಕಬ್ಬಿಣವೇ ಒಳ್ಳೆಯದೆಂದು ನಿರ್ಣಯವಾಯಿತು. ಕಾರ್ಲ್ ಬಾಷ್ ಎಂಬ ಇಂಜಿನಿಯರನು ಇದಕ್ಕೆ ತಕ್ಕ ಉಕ್ಕಿನ ಯಂತ್ರಗಳನ್ನು ಕಟ್ಟಿದನು. 1913ರಲ್ಲಿ ಓಪ್ಪೌ ಎಂಬಲ್ಲಿ ಕಾರ್ಖಾನೆ ಆರಂಭವಾಯಿತು. ಇದೇ ಅಮೋನಿಯಾ ಯುದ್ಧದ ಮದ್ದುಗುಂಡಿಗೂ ಹೋಯಿತೆಂಬುದನ್ನು ಮರೆಯಲಾಗದು. ಇಂದು ಲೋಕದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಅನ್ನ ಈ ಅಮೋನಿಯಾವನ್ನು ನಂಬಿಕೊಂಡಿದೆ ಎಂದು ಬಲ್ಲವರು ಅಂದಾಜು ಮಾಡುತ್ತಾರೆ.

ನಮ್ಮ ಕೇರಳದಲ್ಲಿ ಈ ಕೆಲಸ ಆರಂಭವಾದ ಬಗೆ ಸ್ವಾರಸ್ಯವಾಗಿದೆ. ಆಲುವದ ಬಳಿಯ ಉದ್ಯೋಗಮಂಡಲದಲ್ಲಿ 1947ರಲ್ಲಿ ಫ್ಯಾಕ್ಟ್ ಕಾರ್ಖಾನೆ ಗೊಬ್ಬರ ತಯಾರಿಸತೊಡಗಿದಾಗ ಜಲಜನಕಕ್ಕೆ ಬೇಕಾದ ಕಚ್ಚಾ ಮಾಲು ಕಟ್ಟಿಗೆಯಾಗಿತ್ತು. ಕಾಡಿನ ಸೌದೆಯನ್ನು ಉರಿಸಿ ಅನಿಲ ಮಾಡಿ, ಅದರಿಂದ ಅಮೋನಿಯಾ, ಅದರಿಂದ ಅಮೋನಿಯಂ ಸಲ್ಫೇಟ್! ಆಮೇಲೆ ಕಟ್ಟಿಗೆ ಹೋಗಿ ನ್ಯಾಫ್ತಾ ಎಂಬ ಎಣ್ಣೆ ಬಂತು, ಅನಂತರ ಅನಿಲ ಬಂತು. ಮಂಗಳೂರಿನ ಪಣಂಬೂರಿನಲ್ಲಿ 1976ರಲ್ಲಿ ಆರಂಭವಾದ ಗೊಬ್ಬರದ ಕಾರ್ಖಾನೆಯೂ ಬಹುಕಾಲ ನ್ಯಾಫ್ತಾದಿಂದಲೇ ನಡೆಯಿತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೊಮೀಟರ್ ಉದ್ದದ ಅನಿಲದ ಕೊಳವೆ 2021ರ ಜನವರಿ 5ರಂದು ಲೋಕಾರ್ಪಣೆಯಾಯಿತು. ಈಗ ಅಲ್ಲಿಯೂ ಅನಿಲವೇ. ಕಟ್ಟಿಗೆ, ಎಣ್ಣೆ, ಅನಿಲ ಎಂದು ಕಚ್ಚಾ ಮಾಲು ಎರಡು ಸಲ ಬದಲಾಯಿತು. ಆದರೆ ಗೋಪುರದೊಳಗಿನ ಕಬ್ಬಿಣದ ಹುಡಿ ಮಾತ್ರ ಮಿಟಾಶ್ ಕಂಡುಹಿಡಿದ ಜಾತಿಯದೇ. ಅದಕ್ಕೆ ಬೇಕಾದ 400ರಿಂದ 500 ಡಿಗ್ರಿ ಕಾವು, ನೂರು ಇನ್ನೂರು ಪಟ್ಟು ವಾಯುಭಾರದ ಒತ್ತಡ, ಅದಕ್ಕೆ ತಕ್ಕ ಇಂಧನ, ಇವೂ ಹಾಗೆಯೇ ಉಳಿದಿವೆ. ಇಷ್ಟೆಲ್ಲ ಮಾಡಿದರೂ ಒಂದು ಸಲ ಹಾಯಿಸಿದ ಅನಿಲದಲ್ಲಿ ಶೇಕಡ 15ರಿಂದ 20ರಷ್ಟು ಮಾತ್ರ ಅಮೋನಿಯಾ ಆಗುತ್ತದೆ. ಉಳಿದುದನ್ನು ಗಾಣದ ಎತ್ತಿನಂತೆ ಮತ್ತೆ ಮತ್ತೆ ಸುತ್ತಿಸಬೇಕು. ಲೋಕದಲ್ಲಿ ಖರ್ಚಾಗುವ ಒಟ್ಟು ಇಂಧನಶಕ್ತಿಯ ನೂರರಲ್ಲಿ ಒಂದೆರಡು ಪಾಲು ಈ ಒಂದೇ ಕೆಲಸಕ್ಕೆ ಹೋಗುತ್ತದೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಏರಿದಾಗ ಯೂರೋಪಿನ ಎಷ್ಟೋ ಅಮೋನಿಯಾ ಕಾರ್ಖಾನೆಗಳು ಕೆಲಸ ನಿಲ್ಲಿಸಿದ್ದಕ್ಕೆ ಇದೇ ಕಾರಣ. ಸೊಸೈಟಿಯ ಸಾಲಿಗೂ ಕಬ್ಬಿಣದ ಹುಡಿಗೂ ಇರುವ ನಂಟು ಇದು. ದಾರಿ ತೋರಿಸುವವನು ಇನ್ನೂ ತಗ್ಗಿನ ದಾರಿ ತೋರಿಸಿದರೆ ಇಂಧನ ಉಳಿಯುತ್ತದೆ.

ಕಣವನ್ನೇ ಕೇಳುವ ಬಗೆ

ಮಿಟಾಶ್ ಕಂಡುಹಿಡಿದುದು ಸರಿ; ಆದರೆ ಹುಡಿ ಏಕೆ ಕೆಲಸ ಮಾಡುತ್ತದೆ, ಅದರ ಯಾವ ಜಾಗ ಕೆಲಸ ಮಾಡುತ್ತದೆ ಎಂಬುದು ಅರುವತ್ತು ವರ್ಷ ಕಳೆದರೂ ತಿಳಿದಿರಲಿಲ್ಲ. ಮದ್ದಿನ ಬೇರು ಜ್ವರ ಇಳಿಸುತ್ತದೆಂದು ತಿಳಿದಿದ್ದರೂ ಬೇರಿನೊಳಗಿನ ಯಾವ ಸತ್ವವೆಂದು ತಿಳಿಯದ ಹಾಗೆ. ಕಾರ್ಖಾನೆಯ ವೇಗವರ್ಧಕವು ನೋಡಲು ಕಪ್ಪು ಜಲ್ಲಿಯಂತಿರುತ್ತದೆ. ಒಳಗೆ ಸಾವಿರ ಬಗೆಯ ಸಂದುಗೊಂದುಗಳು, ದೊಡ್ಡ ಸಣ್ಣ ಕಣಗಳು, ಮೇಲೆ ಹರಡಿದ ಪೊಟ್ಯಾಶ್. ಕೆಲಸ ಯಾವ ಮೂಲೆಯಲ್ಲಿ ನಡೆಯುತ್ತದೆಂದು ಯಾರು ಹೇಳಬೇಕು?

ಜರ್ಮನಿಯ ಗೆರ್ಹಾರ್ಡ್ ಎರ್ಟಲ್ ಎಂಬವರು ಜಲ್ಲಿಯನ್ನು ಬಿಟ್ಟು, ಕನ್ನಡಿಯಂತೆ ನಯವಾದ ಕಬ್ಬಿಣದ ಹರಳನ್ನು ತೆಗೆದುಕೊಂಡರು. ಗಾಳಿಯೇ ಇಲ್ಲದ ಪಾತ್ರೆಯಲ್ಲಿಟ್ಟು, ಸಾರಜನಕವನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟು ನೋಡಿದರು. ಸಾರಜನಕದ ಜೋಡಿ ಕಬ್ಬಿಣದ ಮೈಮೇಲೆ ಬಂದು ಕೂತು ಎರಡಾಗಿ ಬಿಡಿಸಿಕೊಳ್ಳುವುದೇ ಇಡೀ ಕೆಲಸದಲ್ಲಿ ನಿಧಾನದ ಹೆಜ್ಜೆ, ಪೊಟ್ಯಾಶ್ ಇದ್ದರೆ ಆ ಹೆಜ್ಜೆಗೆ ಸಹಾಯವಾಗುತ್ತದೆ ಎಂದು ಅವರಿಂದ ಖಚಿತವಾಯಿತು. 2007ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಮೆರಿಕದ ಬರ್ಕ್ಲಿಯಲ್ಲಿ ಗೇಬರ್ ಸೊಮೊರ್ಜಾಯ್ ಎಂಬವರು ಇನ್ನೊಂದು ವಿಚಾರವನ್ನು ಕಂಡರು. ಒಂದೇ ಕಬ್ಬಿಣದ ಹರಳನ್ನು ಮೂರು ದಿಕ್ಕಿನಲ್ಲಿ ಕತ್ತರಿಸಿ ನೋಡಿದಾಗ, ಒಂದು ಮುಖವು ಒಂದು ಅಮೋನಿಯಾ ಕೊಡುವ ಹೊತ್ತಿಗೆ ಇನ್ನೊಂದು 25ನ್ನೂ ಮೂರನೆಯದು 418ನ್ನೂ ಕೊಡುತ್ತಿತ್ತು. ಲೋಹ ಒಂದೇ, ಪರಮಾಣುಗಳು ಕುಳಿತ ರೀತಿ ಬೇರೆ. ಸಾಲು ಬಿಟ್ಟು ಸಡಿಲವಾಗಿ ಕೂತ ಮುಖವೇ ಹೆಚ್ಚು ಕೆಲಸ ಮಾಡುವುದು. ಒತ್ತಾಗಿ ಸಾಲು ಹಿಡಿದು ಕೂತ ಮುಖ ಸೋಮಾರಿ!

ಹೀಗಿದ್ದರೂ ಕನ್ನಡಿಯಂಥ ಹರಳು ಕಾರ್ಖಾನೆಯ ಜಲ್ಲಿಯಲ್ಲ. ಪಾತಿಯಲ್ಲಿ ಬೆಳೆದ ಒಂದು ಗಿಡವನ್ನು ನೋಡಿ ಎಕರೆಯ ಫಸಲನ್ನು ಹೇಳಲಾಗದಲ್ಲವೇ? ಇವೆರಡರ ನಡುವಿನ ಸೇತುವೆಯಾಗಿಯೇ ನ್ಯಾನೊ ಕಣಗಳು ಬಂದುವು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. 5 ನ್ಯಾನೊಮೀಟರಿನ ಲೋಹದ ಕಣವನ್ನು ಒಂದು ಒಳ್ಳೆಮೆಣಸಿನ ಕಾಳಿನಷ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಇದ್ದರೆ, ಅದೇ ಕನ್ನಡಿಯಲ್ಲಿ ನಿಜವಾದ ಮೆಣಸಿನ ಕಾಳು 5 ಕಿಲೊಮೀಟರ್ ಅಗಲದ ಗುಡ್ಡವಾಗಿ ಕಾಣುವುದು. ನಮ್ಮ ಚೆಂಬ್ರ ಶಿಖರ ಅದರ ಅರ್ಧ ಎತ್ತರಕ್ಕೂ ಬಾರದು.

ಇಷ್ಟು ಸಣ್ಣದು ಮಾಡುವುದೇಕೆ? ಆಲೂಗಡ್ಡೆಯನ್ನು ಜಜ್ಜಿದ್ದು ನೆನಪಿರಲಿ. ಒಂದು ಸೆಂಟಿಮೀಟರ್ ಉದ್ದಗಲದ ಕಬ್ಬಿಣದ ದಾಳ, ತೂಕ ಎಂಟು ಗ್ರಾಮಿಗೆ ಸ್ವಲ್ಪ ಕಡಮೆ. ಅದರ ಹೊರಮೈ 6 ಚದರ ಸೆಂಟಿಮೀಟರ್, ಅಂದರೆ ಒಂದು ಅಂಚೆ ಚೀಟಿಯಷ್ಟು. ಅದನ್ನೇ 10 ನ್ಯಾನೊಮೀಟರಿನ ದಾಳಗಳನ್ನಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 15 ಸೆಂಟು ಜಾಗ! ಒಂದು ಮನೆಯನ್ನೂ ಅಂಗಳವನ್ನೂ ಬಾವಿಯನ್ನೂ ಮಾಡಿಕೊಳ್ಳುವಷ್ಟು. ಇನ್ನೊಂದು ಲೆಕ್ಕವನ್ನು ಮಕ್ಕಳಿಂದ ಮಾಡಿಸಿ ನೋಡಿ. ಉದ್ದ, ಅಗಲ, ಎತ್ತರಕ್ಕೆ ನೂರು ನೂರು ಪರಮಾಣುಗಳಿರುವ ದಾಳದಲ್ಲಿ ಹತ್ತು ಲಕ್ಷ ಪರಮಾಣುಗಳಿದ್ದರೂ ಹೊರಗೆ ಕಾಣುವವು ನೂರಕ್ಕೆ ಆರರಷ್ಟು ಮಾತ್ರ. ಹತ್ತು ಹತ್ತರ ದಾಳವಾದರೆ ಸಾವಿರದಲ್ಲಿ 488 ಹೊರಗೇ ಇರುತ್ತವೆ. ಒಳಗೆ ಕೂತ ಪರಮಾಣು ಕೆಲಸಕ್ಕೆ ಬಾರದು.

ಪ್ರಯೋಗಶಾಲೆಯಲ್ಲಿ ಲೋಹವನ್ನು ಆವಿ ಮಾಡಿ ಸಮತಟ್ಟಾದ ತಟ್ಟೆಯ ಮೇಲೆ ಇಬ್ಬನಿಯಂತೆ ಕೂರಿಸಿಯೋ, ಲವಣದ ದ್ರಾವಣದಿಂದ ಲೋಹವನ್ನು ಬಿಡಿಸಿಯೋ ಒಂದೇ ಅಳತೆಯ ಕಣಗಳನ್ನು ಮಾಡುತ್ತಾರೆ. ಎಲ್ಲ ಕಣಗಳೂ 2 ನ್ಯಾನೊಮೀಟರ್, ಇಲ್ಲವೆ ಎಲ್ಲವೂ 5. ಆಮೇಲೆ ಅನಿಲವನ್ನು ಹಾಯಿಸಿ ಯಾವ ಅಳತೆಯದು ಎಷ್ಟು ಕೆಲಸ ಮಾಡಿತೆಂದು ನೋಡುವುದು. ಒಂದೊಂದು ಪಾತಿಗೆ ಒಂದೊಂದು ತಳಿ ಹಾಕಿ ಪರೀಕ್ಷಿಸುವ ಅಂಬಲವಯಲಿನ ಸಂಶೋಧನಾ ಕೇಂದ್ರದ ಕ್ರಮವನ್ನು ನೋಡಿದವರಿಗೆ ಇದು ಹೊಸದಲ್ಲ.

ಹೀಗೆ ಕಂಡುಬಂದ ಕೆಲವು ಸಂಗತಿಗಳು ಆಶ್ಚರ್ಯ ಹುಟ್ಟಿಸುವಂಥವು. ರುಥೇನಿಯಂ ಎಂಬ ಲೋಹವೂ ಅಮೋನಿಯಾ ಮಾಡಬಲ್ಲದು. 1999ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಅದರ ಮೈಯನ್ನು ಪರೀಕ್ಷಿಸಿದಾಗ, ಸಮತಟ್ಟಾದ ಜಾಗಕ್ಕಿಂತ ಮೆಟ್ಟಿಲಿನಂತೆ ಇಳಿದ ಅಂಚಿನಲ್ಲಿ ಸಾರಜನಕದ ಜೋಡಿ ನೂರು ಕೋಟಿ ಪಟ್ಟಾದರೂ ಬೇಗ ಬಿಡಿಸಿಕೊಳ್ಳುವುದೆಂದು ತಿಳಿಯಿತು. ಗುಡ್ಡದ ಮೆಟ್ಟಿಲು ಗದ್ದೆಗಳನ್ನು ನೆನೆಯಿರಿ. ಬೆಳೆಯೆಲ್ಲ ಗದ್ದೆಯ ನಡುವೆ ಅಲ್ಲ, ಬದುವಿನ ಅಂಚಿನಲ್ಲಿ ಮಾತ್ರ ಬಂದ ಹಾಗೆ! ಆ ಅಂಚುಗಳ ಮೇಲೆ ಅತಿ ಸ್ವಲ್ಪ ಚಿನ್ನವನ್ನು ಕೂರಿಸಿದೊಡನೆ ಕೆಲಸವೇ ನಿಂತಿತು. ಕೆಲಸವೆಲ್ಲ ಅಲ್ಲಿಯೇ ನಡೆಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕಣದ ಅಳತೆ ಸರಿಯಾಗಿದ್ದರೆ ಇಂಥ ಅಂಚುಗಳು ಹೆಚ್ಚು. ತೀರ ಸಣ್ಣದಾದರೆ ಅಂಚು ಕೂಡಲು ಜಾಗವೇ ಇಲ್ಲ, ದೊಡ್ಡದಾದರೆ ಬರೇ ಬಯಲು. ಆದುದರಿಂದ ಸಣ್ಣದಾದಷ್ಟೂ ಒಳ್ಳೆಯದೆಂಬ ಮಾತು ಪೂರ್ತಿ ಸರಿಯಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಭಾರತರತ್ನ ಪುರಸ್ಕೃತರಾದ ನಮ್ಮ ಕನ್ನಡಿಗ ವಿಜ್ಞಾನಿ ಸಿ. ಎನ್. ಆರ್. ರಾವ್ ಅವರೂ ಸಂಗಡಿಗರೂ 1990ರ ದಶಕದಲ್ಲಿ ಇದೇ ದಾರಿಯಲ್ಲಿ ಕೆಲಸ ಮಾಡಿದರು. ಚಿನ್ನ, ಪಲ್ಲಾಡಿಯಂ, ಬೆಳ್ಳಿ ಮುಂತಾದ ಲೋಹಗಳ ಕಣಗಳನ್ನು ಚಿಕ್ಕದು ಮಾಡುತ್ತ ಹೋದಾಗ, ಒಂದು ನ್ಯಾನೊಮೀಟರಿನ ಆಸುಪಾಸಿಗೆ ಬರುವಷ್ಟರಲ್ಲಿ ಲೋಹವು ಲೋಹದ ಗುಣವನ್ನೇ ಕಳೆದುಕೊಳ್ಳುತ್ತದೆಂದು ಅವರು ತೋರಿಸಿದರು. ಚಿನ್ನ ಚಿನ್ನವಾಗಿರುವುದಕ್ಕೂ ಒಂದು ಕನಿಷ್ಠ ಅಳತೆ ಬೇಕು ಎಂದಾಯಿತು.

ಚಿನ್ನದ ಮಾತು ಬಂತು. 1880ರ ಸುಮಾರಿಗೆ, ಆಗ್ನೇಯ ವಯನಾಡೆಂದು ಕರೆಯುತ್ತಿದ್ದ ಈಗಿನ ನೀಲಗಿರಿ ಜಿಲ್ಲೆಯ ದೇವಾಲ, ಪಂದಲೂರುಗಳ ಬೆಟ್ಟಗಳಲ್ಲಿ ಚಿನ್ನ ತೆಗೆಯುತ್ತೇವೆಂದು ಲಂಡನ್ನಿನ ಕಂಪೆನಿಗಳು ಬಂದು ಹಣವೆಲ್ಲ ಕಳೆದುಕೊಂಡು ಹೋದುದು ಹಿರಿಯರಿಗೆ ಗೊತ್ತಿರುವ ಕಥೆ. ತುಕ್ಕು ಹಿಡಿಯದ, ಯಾವುದರೊಂದಿಗೂ ಸೇರದ ಲೋಹವೆಂದೇ ಚಿನ್ನಕ್ಕೆ ಬೆಲೆ. ಆದರೆ 1987ರಲ್ಲಿ ಜಪಾನಿನ ಮಸಾತಾಕೆ ಹರುತಾ ಎಂಬವರು ಚಿನ್ನವನ್ನು 5 ನ್ಯಾನೊಮೀಟರಿಗಿಂತ ಸಣ್ಣ ಕಣಗಳನ್ನಾಗಿ ಮಾಡಿದಾಗ, ಅದು ನೀರು ಹೆಪ್ಪುಗಟ್ಟುವ ಚಳಿಗಿಂತ ಕೆಳಗಿನ ಚಳಿಯಲ್ಲಿಯೂ ವಿಷದ ಹೊಗೆಯಾದ ಕಾರ್ಬನ್ ಮೊನಾಕ್ಸೈಡನ್ನು ಸುಟ್ಟುಹಾಕಿತು. ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದ್ದ ಲೋಹ ಹುಡಿಯಾದೊಡನೆ ಕೆಲಸಕ್ಕೆ ಇಳಿದಂತೆ.

ಇಷ್ಟೇ ಅಲ್ಲ. ಕಣಗಳು ಕಲ್ಲಿನಂತೆ ಕದಲದೆ ಇರುತ್ತವೆಂದು ತಿಳಿದಿದ್ದರಲ್ಲ, ಅದೂ ಸುಳ್ಳಾಯಿತು. ಅನಿಲದ ನಡುವೆಯೇ ಕಣವನ್ನು ತೋರಿಸಬಲ್ಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ 2002ರಲ್ಲಿ ಡೆನ್ಮಾರ್ಕಿನವರು ತಾಮ್ರದ ಕಣಗಳನ್ನು ನೋಡಿದರು. ಸುತ್ತಲಿನ ಅನಿಲ ಬದಲಾದಂತೆ ಕಣ ತನ್ನ ಆಕಾರವನ್ನೇ ಬದಲಿಸುತ್ತಿತ್ತು. ಮುಟ್ಟಿದರೆ ಮುನಿಯ ಎಲೆಯಂತೆ ಎನ್ನಬಹುದು. ಅನಿಲವನ್ನು ಹಿಂದಿನಂತೆ ಮಾಡಿದರೆ ಕಣವೂ ಹಿಂದಿನ ರೂಪಕ್ಕೆ ಬರುತ್ತಿತ್ತು. ಹಾಗಾದರೆ ಕೆಲಸ ನಿಂತ ಮೇಲೆ ಹುಡಿಯನ್ನು ಹೊರಗೆ ತೆಗೆದು ಪರೀಕ್ಷಿಸಿದರೆ ಸಿಗುವುದು ಅರ್ಧ ಸತ್ಯ ಮಾತ್ರ.

ಹುಡಿಗೂ ಮುಪ್ಪು ಉಂಟು. ಕಾವಿಗೆ ಸಣ್ಣ ಕಣಗಳು, ಮಳೆಗಾಲದಲ್ಲಿ ಬೆಲ್ಲದ ಪುಡಿ ಮುದ್ದೆಗಟ್ಟುವಂತೆ, ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. 15 ಸೆಂಟು ಜಾಗ ಎರಡು ಸೆಂಟಿಗೆ ಬಂದರೂ ಬಂತು. ಸ್ವೀಡನ್ನಿನ ಅದಿರಿನಲ್ಲಿದ್ದ ಅಲ್ಯುಮಿನಾದ ಉಪಕಾರವೂ ಈಗ ತಿಳಿಯಿತು: ಅದು ಕಣಕ್ಕೂ ಕಣಕ್ಕೂ ನಡುವೆ ಬದುವಿನಂತೆ ನಿಂತು ಅವು ಕೂಡದಂತೆ ತಡೆಯುತ್ತದೆ. ಹೀಗೆ ಕಾಪಾಡಿದ ಹುಡಿ ಹತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಗಂಧಕ ಮಾತ್ರ ಅದರ ಕಡುವೈರಿ. ಅನಿಲದಲ್ಲಿ ಗಂಧಕ ಅತಿ ಸ್ವಲ್ಪ ಉಳಿದರೂ ಕೆಲಸ ಮಾಡುವ ಜಾಗಗಳನ್ನೇ ಹಿಡಿದು ಕೂತುಬಿಡುತ್ತದೆ.

ಗದ್ದೆಗೆ ಬಂದಾಗ

ಇದರಿಂದ ನಾಳೆಯೇ ಯೂರಿಯಾ ಅಗ್ಗವಾಗುವುದೆಂದು ನಾನು ಹೇಳಲಾರೆ. ರುಥೇನಿಯಂ ಕಣಗಳನ್ನು ಇದ್ದಲಿನ ಮೇಲೆ ಕೂರಿಸಿ, ಕಡಮೆ ಒತ್ತಡದಲ್ಲಿ ಅಮೋನಿಯಾ ಮಾಡುವ ಕಾರ್ಖಾನೆ ಕೆನಡದ ಕಿಟಿಮಾಟ್ ಎಂಬಲ್ಲಿ 1992ರಲ್ಲಿಯೇ ಆರಂಭವಾಯಿತು. ಆದರೂ ಲೋಕದ ಹೆಚ್ಚಿನ ಕಾರ್ಖಾನೆಗಳು ಕಬ್ಬಿಣವನ್ನು ಬಿಟ್ಟಿಲ್ಲ. ರುಥೇನಿಯಂ ದುಬಾರಿ, ಕಬ್ಬಿಣ ಅಗ್ಗ. ಕಬ್ಬಿಣದಂಥ ಅಗ್ಗದ ಲೋಹದಿಂದಲೇ ರುಥೇನಿಯಂನಂಥ ಅಂಚುಗಳನ್ನು ಮಾಡಿಸಬಹುದೇ ಎಂಬುದು ಈಗಿನ ಹುಡುಕಾಟ. ಅದು ಸಾಧ್ಯವಾದರೆ ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆದು, ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಅಮೋನಿಯಾ ಮಾಡುವ ದಾರಿ ತೆರೆಯುತ್ತದೆ. ಹೊರದೇಶದ ಅನಿಲಕ್ಕಾಗಿ ಕಾಯಬೇಕಾಗದು. ಈಗ ಸರಕಾರವು ಬೆಲೆಯ ದೊಡ್ಡ ಪಾಲನ್ನು ತಾನು ಹೊತ್ತುಕೊಳ್ಳುವುದರಿಂದ ಚೀಲ ನಮಗೆ ಮುನ್ನೂರು ರೂಪಾಯಿಯ ಒಳಗೆ ಸಿಕ್ಕಿದೆ. ಹೊರೆ ಹೊರುವವರು ಸುಮ್ಮನಿರುವವರೆಗೆ ಭಾರ ತಿಳಿಯದು.

ಇನ್ನೊಂದು ಎಚ್ಚರಿಕೆಯ ಮಾತು. ನ್ಯಾನೊ ಎಂಬ ಹೆಸರು ಈಗ ಗೊಬ್ಬರದ ಬಾಟಲಿಯ ಮೇಲೂ ಬಂದಿದೆ. 2021ರಲ್ಲಿ ಮಾರುಕಟ್ಟೆಗೆ ಬಂದ ದ್ರವ ಯೂರಿಯಾದ 500 ಮಿಲಿಲೀಟರ್ ಬಾಟಲಿಯಲ್ಲಿ ಆಗ ಇದ್ದುದು ಶೇಕಡ 4 ಸಾರಜನಕ, ಅಂದರೆ 20 ಗ್ರಾಂ. ಆಮೇಲೆ ಅದನ್ನು ಶೇಕಡ 20ಕ್ಕೆ ಏರಿಸಿದ ಬಾಟಲಿ ಬಂದಾಗಲೂ ಆದದ್ದು ನೂರು ಗ್ರಾಮಿನ ಆಸುಪಾಸು. ಚೀಲದಲ್ಲಿರುವುದು 20,700 ಗ್ರಾಂ. ಒಂದು ಬಾಟಲಿ ಒಂದು ಚೀಲಕ್ಕೆ ಸಮವೆಂಬ ಪ್ರಚಾರವನ್ನು ಪ್ರಶ್ನಿಸಿ ವಿಜ್ಞಾನಿಗಳು ಬರೆದಿದ್ದಾರೆ. ಇಲ್ಲಿ ವಿವರಿಸಿದ ಲೋಹದ ಕಣಕ್ಕೂ ಆ ಬಾಟಲಿಗೂ ಹೆಸರಿನ ಹೊರತು ನಂಟಿಲ್ಲ. ವೇಗವರ್ಧಕವು ಖರ್ಚಾಗದೆ ಕೆಲಸ ಮಾಡಿಸುತ್ತದೆ; ಪೈರಾದರೋ ಸಾರಜನಕವನ್ನು ತಿಂದು ಮುಗಿಸುತ್ತದೆ. ತಿನ್ನುವವನ ಊಟವನ್ನು ತೂಕದಲ್ಲಿಯೇ ಅಳೆಯಬೇಕು. ಆದುದರಿಂದ ಬಾಟಲಿಯನ್ನು ನಂಬಿ ಚೀಲವನ್ನು ಪೂರ್ತಿ ಬಿಡುವ ಮುನ್ನ ಗದ್ದೆಯ ಒಂದು ಮೂಲೆಯಲ್ಲಿ ಪರೀಕ್ಷಿಸಿ, ಕೃಷಿಭವನದಲ್ಲಿ ವಿಚಾರಿಸುವುದು ಒಳ್ಳೆಯದು.

ಅಷ್ಟಕ್ಕೂ ನಮ್ಮ ಹೊಲದಲ್ಲಿಯೇ ಒಂದು ಅಮೋನಿಯಾ ಕಾರ್ಖಾನೆ ಉಂಟಷ್ಟೆ? ಅಲಸಂದೆ, ಅಪ್ಸೆಣಬು, ಡಯಂಚ, ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಮರ, ಇವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿನ ತಂಪಿನಲ್ಲಿ, ಯಾವ ಒತ್ತಡವೂ ಇಲ್ಲದೆ ಬಿಡಿಸುತ್ತವೆ. ಅವುಗಳ ವೇಗವರ್ಧಕದ ನಡುವೆ ಇರುವುದು ಏಳು ಕಬ್ಬಿಣದ ಪರಮಾಣುಗಳೂ ಒಂದು ಮಾಲಿಬ್ಡಿನಂ ಪರಮಾಣುವೂ ಸೇರಿದ ಗೊಂಚಲು. ನ್ಯಾನೊ ಕಣಕ್ಕಿಂತಲೂ ಚಿಕ್ಕದು! ಕಾರ್ಖಾನೆಯ ಕಬ್ಬಿಣಕ್ಕೆ ವಿಷವಾದ ಗಂಧಕ ಈ ಗೊಂಚಲಿನಲ್ಲಿ ಒಂಬತ್ತು ಪರಮಾಣುಗಳಷ್ಟು ಇದ್ದು ಎಲ್ಲವನ್ನೂ ಹಿಡಿದು ನಿಲ್ಲಿಸಿದೆ. ವಿಜ್ಞಾನಿಗಳಿಗೇ ಇದು ಇನ್ನೂ ಪೂರ್ತಿ ಬಿಡಿಸಲಾಗದ ಒಗಟು. ಇಂಧನವೂ ಪುಕ್ಕಟೆಯಲ್ಲ, ಗಿಡ ತನ್ನ ಸಕ್ಕರೆಯನ್ನು ಕೊಟ್ಟು ಕೆಲಸ ಮಾಡಿಸಿಕೊಳ್ಳುತ್ತದೆ. ಚೆನ್ನಾಗಿ ಬೆಳೆದ ಹಸುರೆಲೆ ಗೊಬ್ಬರದ ಬೆಳೆಯನ್ನು ಹೂ ಬಿಡುವ ಹೊತ್ತಿಗೆ ಉತ್ತು ಸೇರಿಸಿದರೆ, ಎಕರೆಗೆ ಒಂದು ಯೂರಿಯಾ ಚೀಲದಷ್ಟು ಸಾರಜನಕ ಸಿಗುತ್ತದೆ.

ಆದರೆ ವಯನಾಡಿನ ಮಣ್ಣು ಹೆಚ್ಚಿನ ಕಡೆ ಹುಳಿ. ವರ್ಷ ವರ್ಷ ಯೂರಿಯಾ, ಅಮೋನಿಯಂ ಸಲ್ಫೇಟ್ ಹಾಕುವುದರಿಂದ ಹುಳಿ ಇನ್ನೂ ಏರುತ್ತದೆ. ಹುಳಿ ಮಣ್ಣಿನಲ್ಲಿ ಮಾಲಿಬ್ಡಿನಂ ಇದ್ದರೂ ಬೇರಿಗೆ ಎಟಕುವುದಿಲ್ಲ. ಗಂಟು ಕಟ್ಟಿದರೂ ಕಾರ್ಖಾನೆ ನಡೆಯದು. ಮಣ್ಣು ಪರೀಕ್ಷೆ ಮಾಡಿಸಿ, ಹೇಳಿದ ಪ್ರಮಾಣದಲ್ಲಿ ಸುಣ್ಣ ಹಾಕಿ, ಮೂರು ನಾಲ್ಕು ವಾರ ಬಿಟ್ಟು ಬೀಜ ಬಿತ್ತಬೇಕು. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಮಾತ್ರ ಹಾಕಬಾರದು. ಸಾರಜನಕ ಅಮೋನಿಯಾವಾಗಿ ಹಾರಿಹೋಗುತ್ತದೆ. ಬಿತ್ತಿದ ಐದಾರು ವಾರಗಳಿಗೆ ಒಂದು ಗಿಡವನ್ನು ಮಣ್ಣು ಸಮೇತ ಮೆಲ್ಲನೆ ಎಬ್ಬಿಸಿ, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ರಕ್ತದ ಛಾಯೆಯ ನಸುಗೆಂಪು ಇದ್ದರೆ ಕಬ್ಬಿಣ ಕೆಲಸದಲ್ಲಿದೆ. ಬಿಳಿಚಿಕೊಂಡೋ ಹಸುರಾಗಿಯೋ ಇದ್ದರೆ ಸುಣ್ಣ ಸಾಲದು, ಇಲ್ಲವೆ ಬೀಜಕ್ಕೆ ರೈಜೋಬಿಯಂ ಲೇಪಿಸಿರಲಿಲ್ಲ. ಮುಂದಿನ ಬಿತ್ತನೆಗೆ ಮುನ್ನ ಎರಡನ್ನೂ ಸರಿಪಡಿಸಿಕೊಳ್ಳಬಹುದು.